ಪದ ಪರಿಚಯ: ದ್ಯುತಿವೇಗವರ್ಧಕ ಲೇಪನ

ದ್ಯುತಿ ಎಂದರೆ ಬೆಳಕು. ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ವೇಗವರ್ಧಕ. ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಇಂಥ ವಸ್ತುವನ್ನು ಗಾಜಿನ ಮೇಲೆ ತೆಳ್ಳಗೆ ಕೂರಿಸಿದರೆ ಅದೇ ದ್ಯುತಿವೇಗವರ್ಧಕ ಲೇಪನ. ನೀರಿನಲ್ಲಿ ಬೆರೆತ ಕಲ್ಮಶವನ್ನು ಬಿಸಿಲಿನ ನೆರವಿನಿಂದ ಒಡೆಯಲು ಇದನ್ನು ಬಳಸಬಹುದು. ಹೆಚ್ಚು ಬಳಕೆಯಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಬಿಳಿ ಪೇಂಟಿನಲ್ಲಿರುವುದೂ ಇದೇ, ಆದರೆ ಅಲ್ಲಿ ಸಾಮಾನ್ಯವಾಗಿ ರೂಟೈಲ್ ಎಂಬ ಹರಳು ರೂಪ. ನೀರಿನ ಕೆಲಸಕ್ಕೆ ಅನಾಟೇಸ್ ಎಂಬ ಇನ್ನೊಂದು ಹರಳು ರೂಪ ಹೆಚ್ಚು ತಕ್ಕದ್ದು.

ಸುಮಾರು 388 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಅತಿನೇರಳೆ, ಅನಾಟೇಸಿನಲ್ಲಿ ಎಲೆಕ್ಟ್ರಾನನ್ನು ಮೇಲೆಬ್ಬಿಸುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಬಹಳ ಚುರುಕಾದ ಈ ಅಣುತುಣುಕು ಕೈಗೆ ಸಿಕ್ಕ ಸಾವಯವ (ಇಂಗಾಲದ) ಅಣುವನ್ನು ಹರಿದು ಹಾಕುತ್ತದೆ. ಎದ್ದ ಎಲೆಕ್ಟ್ರಾನನ್ನು ಹಿಡಿದುಕೊಳ್ಳಲು ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಗಾಳಿಯಾಡದ ನೀರಿನಲ್ಲಿ ಕ್ರಿಯೆ ಕುಂಟುವುದು ಇದರಿಂದಲೇ.

ನಮ್ಮ ಕಡೆ ಇದರ ಬಗ್ಗೆ ಒಂದು ತಪ್ಪು ನಿರೀಕ್ಷೆ ಬೆಳೆಯಬಾರದು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನ ಫ್ಲೋರೈಡ್ ಇದರಿಂದ ಹೋಗುವುದಿಲ್ಲ. ಅಣುವನ್ನು ಒಡೆಯಬಹುದು, ಧಾತುವನ್ನು ಒಡೆಯಲಾಗದು. ನೈಟ್ರೇಟೂ ಹೀಗೆ ಉತ್ಕರ್ಷಣದಿಂದ (ಆಕ್ಸಿಡೇಷನ್) ಹೋಗದು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವಂಥ ಎರಡನೇ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಮಾರ್ಜಕ, ಔಷಧಿಗಳ ಶೇಷ ಉಳಿಯಬಹುದು. ಅಂಥವನ್ನು ಒಡೆಯುವುದೇ ಈ ಲೇಪನಕ್ಕೆ ತಕ್ಕ ಕೆಲಸ. ಅಲ್ಲೂ ನೀರಿನ ಬೈಕಾರ್ಬನೇಟ್ ರ‍್ಯಾಡಿಕಲ್‌ಗಳನ್ನು ನುಂಗಿ ವೇಗ ತಗ್ಗಿಸುತ್ತದೆ.

ಲೇಪನ ಮಾಡುವಾಗ ಟೈಟಾನಿಯಂ ಡೈಆಕ್ಸೈಡ್ ಕೊಡುವ ಟೈಟಾನಿಯಂ ಐಸೋಪ್ರೊಪಾಕ್ಸೈಡ್ ಎಂಬ ದ್ರವವನ್ನು ಆಲ್ಕೋಹಾಲಿನಲ್ಲಿ ಬೆರೆಸಿ, ಸ್ವಲ್ಪ ಆಮ್ಲ ಸೇರಿಸಿ, ಚೊಕ್ಕಟ ಗಾಜನ್ನು ಅದ್ದಿ ಒಂದೇ ವೇಗದಲ್ಲಿ ನಿಧಾನವಾಗಿ ಎತ್ತಬೇಕು. ಬೇಗ ಎಳೆದರೆ ಪದರ ದಪ್ಪವಾಗಿ, ಒಣಗುವಾಗ ಬಿರಿದು ಸಿಪ್ಪೆಯೇಳುತ್ತದೆ. ಒಣಗಿದ ಮೇಲೆ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಸುಡಬೇಕು. ಶಾಖ ಬಹಳ ಏರಿದರೆ ಅನಾಟೇಸ್ ರೂಟೈಲಾಗಿ ಬದಲಾಗುತ್ತದೆ. ಕಿಟಕಿ ಗಾಜಾದರೆ ಅದರ ಸೋಡಿಯಂ ಪದರಕ್ಕೆ ನುಗ್ಗಿ ಶಕ್ತಿ ಕುಂದಿಸುತ್ತದೆ, ಹಾಗಾಗಿ ಪ್ರಯೋಗಾಲಯದಲ್ಲಿ ಬಳಸುವ ಬೊರೊಸಿಲಿಕೇಟ್ ಗಾಜು ಒಳ್ಳೆಯದು. ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುವುದು ಸುಲಭವೆನಿಸಬಹುದು, ಆದರೆ ಬಿಸಿಲಿನಲ್ಲಿ ವೇಗವರ್ಧಕ ಆ ಅಂಟನ್ನೇ ತಿಂದು ಉದುರುತ್ತದೆ.

ಬಿಸಿಲಿನಲ್ಲಿ ಅತಿನೇರಳೆಯ ಪಾಲು ಶೇ. 5ರ ಆಸುಪಾಸು ಮಾತ್ರ. ಅದನ್ನು ಕೆಸರು ನೀರು ತಡೆದರೆ ಏನೂ ನಡೆಯದು: ಮೊದಲು ಮರಳಿನಲ್ಲಿ ಸೋಸಿ, ಆಮೇಲೆ ಲೇಪಿಸಿದ ಗಾಜಿನ ಮೇಲೆ ಒಂದೆರಡು ಸೆಂಟಿಮೀಟರ್ ಆಳದಲ್ಲಿ ಹರಿಸಿ. ಮೇಲೆ ಪಾಲಿಕಾರ್ಬನೇಟ್ ಹಾಳೆ ಮುಚ್ಚಬೇಡಿ, ಅದು ಅತಿನೇರಳೆಯನ್ನು ಒಳಬಿಡುವುದಿಲ್ಲ.

ಲೇಪನ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆಗೆ ಲೀಟರಿಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಸಾಕು, ಅದು ಮಾಸುವುದನ್ನು ನೋಡಬೇಕು. ಮೊದಲು ಅರ್ಧ ಗಂಟೆ ಕತ್ತಲೆಯಲ್ಲಿಡಿ. ಬಣ್ಣ ಗಾಜಿಗೆ ಬರೀ ಅಂಟಿಕೊಂಡಿದ್ದನ್ನು ಒಡೆದಿದ್ದೆಂದು ಎಣಿಸಬಾರದು. ಬಳಿಯದ ಗಾಜೊಂದನ್ನೂ ಪಕ್ಕದಲ್ಲಿ ಬಿಸಿಲಿಗಿಡಿ, ಈ ಬಣ್ಣ ಬಿಸಿಲಿಗೆ ತಾನಾಗಿಯೂ ಮಾಸುತ್ತದೆ. ಗಡಸು ನೀರು ಹರಿಸಿದರೆ ಕೆಲದಿನದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕೆರೆಯದೆ, ತೆಳು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆಯಿರಿ.