ಯಾವ ಸುಳಿವು ಮೊದಲು?

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಕ, ಚ, ಟ, ತ, ಪ, ಮ ಎಂಬ ಆರು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ತ ಪೆಟ್ಟಿಗೆ ಚ ಪೆಟ್ಟಿಗೆಗಿಂತ ಮೇಲಿದೆ. ಚ ಮೇಲೆ ಎಷ್ಟು ಪೆಟ್ಟಿಗೆಗಳಿವೆಯೋ ತ ಕೆಳಗೂ ಅಷ್ಟೇ ಇವೆ. ಟ ಪೆಟ್ಟಿಗೆಗೆ ತಾಗಿಕೊಂಡು ಅದರ ಕೆಳಗೆ ಮ ಇದೆ. ಕ ಪೆಟ್ಟಿಗೆ ಟ ಪೆಟ್ಟಿಗೆಗಿಂತ ಮೇಲಿದೆ, ನಡುವೆ ಎರಡೇ ಪೆಟ್ಟಿಗೆಗಳು. ಎಲ್ಲಕ್ಕಿಂತ ಮೇಲಿರುವುದು ಯಾವುದು?

ಆರು ಪೆಟ್ಟಿಗೆಗಳನ್ನು 720 ಬಗೆಯಲ್ಲಿ ಪೇರಿಸಬಹುದು. ಹೆಚ್ಚಿನವರು ಸುಳಿವುಗಳನ್ನು ಕೊಟ್ಟ ಕ್ರಮದಲ್ಲೇ ಹಿಡಿದು ಹೊರಡುತ್ತಾರೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಲೆ ಕೆಡುತ್ತದೆ. ಅದು ಬುದ್ಧಿಯ ಕೊರತೆಯಲ್ಲ. ಮೊದಲ ಸುಳಿವು ಅರ್ಧವನ್ನಷ್ಟೇ ತಳ್ಳಿಹಾಕುತ್ತದೆ, 360 ಉಳಿಯುತ್ತವೆ. ಕೊನೆಯ ಸುಳಿವಿನಿಂದ ಶುರು ಮಾಡಿ ನೋಡಿ. ಟ ಕೆಳಗಿನಿಂದ 1, 2 ಅಥವಾ 3ನೆಯ ಜಾಗದಲ್ಲಿದ್ದರೆ ಕ 4, 5 ಅಥವಾ 6ರಲ್ಲಿರಬೇಕು. ಉಳಿದ ನಾಲ್ಕನ್ನು 24 ಬಗೆಯಲ್ಲಿ ಇಡಬಹುದು. ಒಟ್ಟು 72, ಅಂದರೆ ಒಂದೇ ಏಟಿಗೆ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು.

ಮ ಟ ಕೆಳಗೆ ಬರಬೇಕಾದ್ದರಿಂದ ಟ ತಳದಲ್ಲಿರಲಾರದು. ಈಗ ಉಳಿದದ್ದು 12. ಚ ಮತ್ತು ತ ಇರುವ ಜಾಗಗಳ ಸಂಖ್ಯೆಯನ್ನು ಕೂಡಿದರೆ 7 ಬರಬೇಕು ಎಂಬುದೇ ಎರಡನೆಯ ಸುಳಿವಿನ ಒಳಾರ್ಥ. ಟ 3ರಲ್ಲಿದ್ದರೆ ಖಾಲಿ ಉಳಿಯುವುದು 1, 4, 5; ಯಾವ ಎರಡನ್ನು ಕೂಡಿದರೂ 7 ಆಗದು. ಆ ದಾರಿ ಅಲ್ಲಿಗೆ ಮುಚ್ಚಿತು. ಟ 2ರಲ್ಲಿದ್ದರೆ ಖಾಲಿ ಇರುವ 3, 4, 6ರಲ್ಲಿ 3 ಮತ್ತು 4 ಸರಿಹೊಂದುತ್ತವೆ. ಎರಡು ಜೋಡಣೆಗಳಷ್ಟೇ ಬಾಕಿ. ಈಗ ಮೊದಲ ಸುಳಿವನ್ನು ಹಚ್ಚಿ: ತಳದಿಂದ ಮ, ಟ, ಚ, ತ, ಕ, ಪ. ಯಾವ ಸುಳಿವೂ ಹೆಸರೆತ್ತದ ಪ ತುದಿಯಲ್ಲಿ ಕುಳಿತಿದೆ. ಇಂಥ ಪ್ರಶ್ನೆ ಹೆಣೆಯುವವರಿಗೆ ಈ ತುಂಟತನ ಇಷ್ಟವಿರಬೇಕು.

ಇದನ್ನೆಲ್ಲ ಕಾಗದವಿಲ್ಲದೆ ಮಾಡಲು ಹೋಗುವುದು ಹಟವಷ್ಟೆ. ತಕ್ಷಣದ ನೆನಪಿನಲ್ಲಿ ಒಮ್ಮೆಗೆ ನಿಲ್ಲುವುದು ಸುಮಾರು ನಾಲ್ಕು ಸಂಗತಿಗಳು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಇಲ್ಲಿ ಆರು ಪೆಟ್ಟಿಗೆಗಳು, ಜೊತೆಗೆ ಕವಲೊಡೆಯುವ ಸಾಧ್ಯತೆಗಳು.

ಸುಳಿವುಗಳಲ್ಲಿ ಎರಡು ಜಾತಿ ಎಂಬುದು ಇಷ್ಟರಲ್ಲಿ ಕಂಡಿರುತ್ತದೆ. ದಿಕ್ಕನ್ನು ಮಾತ್ರ ಹೇಳುವಂಥವು ಕೆಲವು, ದೂರವನ್ನೂ ಹೇಳುವಂಥವು ಕೆಲವು. ಪರೀಕ್ಷೆಯಲ್ಲಿ ಎರಡೂ ಸಿಗುತ್ತವೆ. ಮಣ್ಣು ಅಷ್ಟು ಉದಾರಿಯಲ್ಲ. ಪುರಾತತ್ತ್ವಜ್ಞರು ನೆಲ ಅಗೆದಾಗ ಸಿಗುವುದು ಹೆಚ್ಚಾಗಿ ‘ಈ ಪದರ ಆ ಪದರದ ಮೇಲಿದೆ’ ಎಂಬ ಸುಳಿವುಗಳೇ. ಒಂದನ್ನೊಂದು ಮುಟ್ಟದ ಎರಡು ಗುಂಡಿಗಳಲ್ಲಿ ಯಾವುದು ಹಳೆಯದು ಎಂದರೆ ‘ಹೇಳಲು ಸಾಧ್ಯವಿಲ್ಲ’ ಎಂಬುದೇ ಎಷ್ಟೋ ಸಲ ಸರಿಯುತ್ತರ. ಇಂಗ್ಲೆಂಡಿನ ವಿಂಚೆಸ್ಟರ್ ಉತ್ಖನನದ ರಾಶಿ ದಾಖಲೆಗಳ ನಡುವೆ ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ ನಕ್ಷೆ ಇದನ್ನು ಒಪ್ಪಿಕೊಳ್ಳುತ್ತದೆ. ಪದರಗಳನ್ನು ಒಂದೇ ಸಾಲಿಗೆ ಬಲವಂತವಾಗಿ ತರದೆ, ಗೊತ್ತಿರುವ ಮೇಲು–ಕೆಳಗುಗಳನ್ನಷ್ಟೇ ಗೆರೆಗಳಿಂದ ಜೋಡಿಸಿ, ಉಳಿದವನ್ನು ಕವಲುಗಳಾಗಿಯೇ ಬಿಡುತ್ತದೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆಸಿದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರಿಗೆ ಪದರಗಳ ಕ್ರಮ ಚೆನ್ನಾಗಿಯೇ ಸಿಕ್ಕಿತು: ತಳದಲ್ಲಿ ಕಲ್ಲಿನ ಕೊಡಲಿಗಳ ಜನ, ಅವರ ಮೇಲೆ ಬೃಹತ್ ಶಿಲಾ ಗೋರಿಗಳ ಕಾಲದವರು, ಮೇಲ್ಗಡೆ ಶಾತವಾಹನರ ಕಾಲ. ಕಾಲದ ದೂರವನ್ನು ಹೇಳುವ ಸುಳಿವು ಬೇರೆಡೆಯಿಂದ ಬಂತು. ಒಳಮೈಯಲ್ಲಿ ಸುತ್ತುಸುತ್ತಾಗಿ ಚುಕ್ಕೆಗೆರೆಗಳಿರುವ ಮಡಕೆಯ ಚೂರುಗಳು ಮೇಲಿನ ಪದರದಲ್ಲಿ ಸಿಕ್ಕಿದ್ದವು. ಅಂಥವನ್ನೇ ಅವರು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸರಕಿನ ಜೊತೆಗೆ ಕಂಡಿದ್ದರು. ಹೀಗೆ ಮೇಲಿನ ಪದರ ಕ್ರಿಸ್ತಶಕ ಒಂದನೆಯ ಶತಮಾನಕ್ಕೆ ಅಂಟಿಕೊಂಡಿತು. ಅಲ್ಲಿಂದ ಕೆಳಕ್ಕೆ ಮಾತ್ರ ಅಂದಾಜು. ಕೊಡಲಿಯವರ ಆರಂಭವನ್ನು ವೀಲರ್ ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನದಲ್ಲಿಟ್ಟರು. ಆಮೇಲೆ ದಕ್ಷಿಣ ಭಾರತದ ಇತರ ನವಶಿಲಾಯುಗದ ನೆಲೆಗಳಿಂದ ಬಂದ, ವಸ್ತುಗಳ ವಯಸ್ಸು ತಿಳಿಸುವ ಇಂಗಾಲ ಪರೀಕ್ಷೆಯ ಫಲಿತಾಂಶಗಳು ಆ ಸಂಸ್ಕೃತಿಯನ್ನು ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ತಳ್ಳಿದವು. ಪೇರಿಕೆಯ ಕ್ರಮದಲ್ಲಿ ಮಾತ್ರ ಒಂದು ಪದರವೂ ಕದಲಲಿಲ್ಲ.