ಓರೆಗಣ್ಣಿಗೆ ಸಿಕ್ಕ ಗೆಲಾಕ್ಸಿ

ನಕ್ಷತ್ರ ನೋಡಲೆಂದು ಮುಂಬೈ ಬಳಿಯ ಡೊಂಬಿವಲಿಯಿಂದ ಹೊರಟ ನಾವು ಹದಿನೆಂಟು ಮಂದಿ. ಜೊತೆಗೆ ಎರಡು ದೂರದರ್ಶಕ, ಒಂದು ದೊಡ್ಡ ಡಬ್ಬ ಪುಳಿಯೋಗರೆ. ಭಂಡಾರದರದ ಬಳಿ, ಕಳಸೂಬಾಯಿ ಬೆಟ್ಟಸಾಲಿನ ಮಗ್ಗುಲಲ್ಲಿ ಡೇರೆ ಹಾಕಿದ್ದು ಜನವರಿಯ ಅಮಾವಾಸ್ಯೆಯಂದು. ದೀಪ ಆರಿಸಿದ ಕೂಡಲೇ ಪಕ್ಕದ ಮನೆಯ ಹುಡುಗ ಗೊಣಗಿದ: "ಇಷ್ಟೇನಾ ಅಂಕಲ್?"

ಅವನ ಕಣ್ಣು ಇನ್ನೂ ಡೊಂಬಿವಲಿಯಲ್ಲೇ ಇತ್ತು. ಕತ್ತಲಲ್ಲಿ ಪಾಪೆ ಬೇಗನೆ ಅಗಲವಾಗುತ್ತದೆ. ಎರಡು ಮಿಲಿಮೀಟರಿನಿಂದ ಏಳಕ್ಕೆ ಹಿಗ್ಗಿದರೆ ಒಳಹೋಗುವ ಬೆಳಕು ಸುಮಾರು 12 ಪಟ್ಟು ಹೆಚ್ಚುತ್ತದೆ. ಆದರೆ ನಿಜವಾದ ಕೆಲಸ ನಡೆಯುವುದು ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ. ಅಲ್ಲಿ ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಪ್ರಖರ ಬೆಳಕಿಗೆ ಬಿಳಿಚಿಕೊಳ್ಳುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಎ ಜೀವಸತ್ವ ಬೇಕು, ಅರ್ಧ ಗಂಟೆಯ ತಾಳ್ಮೆಯೂ ಬೇಕು. ಇಪ್ಪತ್ತನೆಯ ನಿಮಿಷಕ್ಕೆ ಒಬ್ಬರ ಮೊಬೈಲ್ ಬೆಳಗಿತು: "ಊಟ ಆಯಿತಾ?" ಸುತ್ತ ಕುಳಿತವರ ಕಣ್ಣುಗಳ ತಪಸ್ಸೆಲ್ಲ ನೀರುಪಾಲು.

ಆಮೇಲೆ ಸಂಕ್ರಾಂತಿಯ ಗಾಳಿಪಟದ ಕೆಂಪು ಕಾಗದವನ್ನು ಟಾರ್ಚಿಗೆ ಸುತ್ತಿದೆವು. ಕಡುಗೆಂಪು ಬೆಳಕು ದಂಡಕೋಶಗಳಿಗೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಹಾಗಾಗಿ ದಾರಿಯೂ ಕಂಡಿತು, ಆಕಾಶವೂ ಉಳಿಯಿತು.

ಒಂಬತ್ತರ ಹೊತ್ತಿಗೆ ಹುಡುಗ ಮಾತು ಬಿಟ್ಟಿದ್ದ. ತಾರಸಿಯಿಂದ ಬರೀ ಮಸುಕಾಗಿ ತೋರುವ ಕೃತ್ತಿಕೆಯಲ್ಲಿ ಅವನ ಅಜ್ಜಿ ಆರು ಎಣಿಸಿದರು. ಅವನು ಏಳು ಎಂದು ಹಠ ಹಿಡಿದ. ಇಬ್ಬರದೂ ಸರಿಯಿರಬಹುದು, ಆ ಗುಂಪಿನಲ್ಲಿ ಎಷ್ಟು ಕಾಣುತ್ತದೆ ಎಂಬುದು ನೋಡುವ ಕಣ್ಣಿನ ಮೇಲೂ ಇದೆ.

ಪಡುವಣಕ್ಕೆ ಇಳಿಯುತ್ತಿದ್ದ ಆಂಡ್ರೊಮೀಡ ಗೆಲಾಕ್ಸಿ ಮಾತ್ರ ಅಜ್ಜಿಗೆ ಸಿಗಲೊಲ್ಲದು. ನೇರ ದಿಟ್ಟಿಸಿದಾಗ ಬೆಳಕು ಬೀಳುವ ಅಕ್ಷಿಪಟಲದ ನಡುಬಿಂದುವಿನಲ್ಲಿ ದಂಡಕೋಶಗಳೇ ಇಲ್ಲ. ಅಲ್ಲಿರುವುದು ಬಣ್ಣ ಗುರುತಿಸುವ, ಕತ್ತಲಲ್ಲಿ ಕೈಕೊಡುವ ಶಂಕುಕೋಶಗಳು. ಮಸುಕಾದದ್ದನ್ನು ನೋಡಲು ಓರೆಗಣ್ಣೇ ಬೇಕು.

"ಸ್ವಲ್ಪ ಪಕ್ಕಕ್ಕೆ ನೋಡಿ, ಅಜ್ಜಿ."

"ಹಾಂ... ಸೀಮೆಸುಣ್ಣ ಒರೆಸಿದ ಹಾಗಿದೆಯಲ್ಲ! ಫೋಟೋದಲ್ಲಿ ಬಣ್ಣ ಇತ್ತಪ್ಪ."

ಬಣ್ಣ ಕ್ಯಾಮೆರಾಕ್ಕೆ ಸಿಗುತ್ತದೆ. ಅದು ನಿಮಿಷಗಟ್ಟಲೆ ಬೆಳಕನ್ನು ಕೂಡಿಡಬಲ್ಲದು. ದಂಡಕೋಶಗಳಿಗೆ ಬಣ್ಣದ ಅರಿವಿಲ್ಲ. ಆ ಒರೆಸಿದ ಗುರುತಿನ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ ಎಂದೆ. ಅಜ್ಜಿ ಸೆರಗನ್ನು ಕಿವಿಗೆ ಬಿಗಿದುಕೊಂಡು ಮತ್ತೆ ಪಕ್ಕಕ್ಕೆ ನೋಡಿದರು. ಹನ್ನೊಂದಕ್ಕೆ ಇಬ್ಬನಿ ಕುಳಿತು ದೂರದರ್ಶಕದ ಮಸೂರ ಮಂಜಾಯಿತು. ಮುಚ್ಚಿಟ್ಟೆವು. ಡೇರೆಯೊಳಗೆ ಹೋದವರು ಯಾರೂ ಇಲ್ಲ.