ಪದ ಪರಿಚಯ: ವೈರಸ್ ಯಾವುದು, ಯಾವುದಲ್ಲ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದುವೆ ಕರೆಯೋಲೆ ಒತ್ತಿ ಹಣ ಕಳೆದುಕೊಂಡರೆ ‘ಮೊಬೈಲಿಗೆ ವೈರಸ್’. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆದರೆ ವೈರಸ್. ಸ್ಟೋರೇಜ್ ತುಂಬಿ ಫೋನ್ ಹ್ಯಾಂಗ್ ಆದರೂ ವೈರಸ್. ಈ ಮೂರರಲ್ಲಿ ಒಂದೂ ವೈರಸ್ ಅಲ್ಲ. ಹೆಸರು ಯಾವುದಾದರೇನು ಎನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ರೋಗದ ಹೆಸರು ತಪ್ಪಿದ ಕಡೆ ಮದ್ದೂ ತಪ್ಪುತ್ತಿದೆ.

ಲ್ಯಾಟಿನ್ನಿನ ‘ವೀರುಸ್’ ಎಂದರೆ ವಿಷ, ಲೋಳೆಯಂಥ ರಸ. ಸಂಸ್ಕೃತದಿಂದ ನಮಗೆ ಬಂದ ‘ವಿಷ’ ಅದರ ದಾಯಾದಿ. ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಲ್ಯಾಟಿನ್ನಿನಲ್ಲಿ ಎರಡು ಸ್ವರಗಳ ನಡುವಿನ ಸಕಾರ ರಕಾರವಾಯಿತು, ಸಂಸ್ಕೃತದಲ್ಲಿ ಇಕಾರದ ಮುಂದಿನ ಸಕಾರ ಷಕಾರವಾಯಿತು. ಹೀಗಾಗಿ ‘ವೈರಸ್’ ಎನ್ನುವಾಗ ನಾವು ‘ವಿಷ’ವನ್ನೇ ಬೇರೆ ದಾರಿಯಿಂದ ಮನೆಗೆ ತಂದುಕೊಂಡಿದ್ದೇವೆ. 1898ರಲ್ಲಿ ಡಚ್ ವಿಜ್ಞಾನಿ ಮಾರ್ಟಿನಸ್ ಬೈಯೆರಿಂಕ್ ಹೊಗೆಸೊಪ್ಪಿನ ಎಲೆಗೆ ಮಚ್ಚೆ ತರುವ ರೋಗವನ್ನು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾ ದಾಟಲಾರದಂಥ ಸೋಸುಕದಲ್ಲಿ ಸೋಸಿದ ಮೇಲೂ ಆ ರಸ ರೋಗ ಹರಡಿತು, ಆದರೆ ಜೀವಂತ ಕೋಶಗಳ ಒಳಗಷ್ಟೇ ಹೆಚ್ಚಿತು. ಅದನ್ನು ಅವರು ವೈರಸ್ ಎಂದರು. ಪದದ ತಿರುಳು ಅಲ್ಲಿಂದ ವಿಷವನ್ನು ಬಿಟ್ಟು ಪರಾವಲಂಬನೆಗೆ ಜಾರಿತು: ಇನ್ನೊಬ್ಬರ ಮೈಯಿಲ್ಲದೆ ಇದು ಬೆಳೆಯದು.

ಕಂಪ್ಯೂಟರಿಗೆ ಈ ಪದ ಬಂದದ್ದು ಆ ಎರಡನೆಯ ಅರ್ಥದಲ್ಲೇ. 1983ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್ ಯುನಿಕ್ಸ್ ಯಂತ್ರವೊಂದರಲ್ಲಿ ಇಂಥ ಪ್ರೋಗ್ರಾಂ ಓಡಿಸಿ ತೋರಿಸಿದರು. ವೈರಸ್ ಎಂಬ ಹೆಸರು ಸೂಚಿಸಿದವರು ಅವರ ಮಾರ್ಗದರ್ಶಕ ಲಿಯೊನಾರ್ಡ್ ಏಡಲ್‌ಮನ್. ಕೋಹೆನ್ ಕೊಟ್ಟ ಲಕ್ಷಣ: ಬೇರೆ ಪ್ರೋಗ್ರಾಂಗಳನ್ನು ತಿದ್ದಿ, ಅವುಗಳೊಳಗೆ ತನ್ನ ಪ್ರತಿಯನ್ನು ಸೇರಿಸುವ ಪ್ರೋಗ್ರಾಂ. ಇದರಲ್ಲಿ ಹಾನಿಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ‘ವೈರಾಣು’ ಎಂದಾಗ ವೈರಿಯ ನೆರಳು ಬೀಳುವುದರಿಂದ ನಮ್ಮ ಕಣ್ಣು ಹಾನಿಯ ಮೇಲೆಯೇ ನಿಲ್ಲುತ್ತದೆ. ಮೂಲ ಲಕ್ಷಣ ಕೇಳುವುದು ಅಂಟುವ ಬಗೆಯನ್ನು.

1999ರ ಮೆಲಿಸ್ಸಾ ಎಂಬ ಪ್ರೋಗ್ರಾಂ ಈ ಲಕ್ಷಣಕ್ಕೆ ಸರಿಯಾಗಿ ಕೂರುತ್ತದೆ: ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೊಸ ಕಡತಗಳಿಗೆ ಅಚ್ಚಾಗುವ ಮೂಲ ಟೆಂಪ್ಲೇಟಿಗೇ ಸೇರಿಕೊಂಡು, ಅಲ್ಲಿಂದ ಮುಂದಿನ ಕಡತಗಳಿಗೆ ದಾಟುತ್ತಿತ್ತು. ಯಾರ ಮೈಗೂ ಅಂಟದೆ, ತಾನೇ ತಾನಾಗಿ ಪ್ರತಿ ಮಾಡಿಕೊಂಡು ಹರಡುವುದು ವರ್ಮ್, ಅಂದರೆ ಹುಳು. ಒಳ್ಳೆಯ ವೇಷ ಹಾಕಿಕೊಂಡು ಬಂದು, ನಮ್ಮ ಕೈಯಿಂದಲೇ ಬಾಗಿಲು ತೆಗೆಸಿಕೊಳ್ಳುವುದು ಟ್ರೋಜನ್. ಅದು ಮರಿ ಹಾಕುವುದಿಲ್ಲ. ರ‍್ಯಾನ್ಸಮ್‌ವೇರ್ ಎನ್ನುವುದು ಬಂದ ದಾರಿಯ ಹೆಸರಲ್ಲ, ಮಾಡುವ ಕೆಲಸದ ಹೆಸರು: ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವುದು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಹರಡಿದ ರೀತಿಯಲ್ಲಿ ಹುಳು, ಮಾಡಿದ ಕೆಲಸದಲ್ಲಿ ರ‍್ಯಾನ್ಸಮ್‌ವೇರ್. ಅದು ನುಗ್ಗಿದ ವಿಂಡೋಸ್ ಬಿರುಕಿಗೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ಅಪ್‌ಡೇಟ್ ಹಾಕಿದ ಯಂತ್ರಗಳಿಗೆ ಆ ಬಿರುಕಿನಿಂದ ನುಗ್ಗಲು ಅದಕ್ಕೆ ಆಗಲಿಲ್ಲ. ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕಿದ್ದರೆ ಕನ್ನಡದಲ್ಲಿ ‘ಕುತಂತ್ರಾಂಶ’ ಇದೆ. ತಂತ್ರಾಂಶವೂ ಇದೆ, ಕುತಂತ್ರವೂ ಇದೆ. ಇಷ್ಟು ಚೆನ್ನಾದ ಪದವನ್ನು ಬದಿಗಿಟ್ಟು ಎಲ್ಲದಕ್ಕೂ ವೈರಸ್ ಎನ್ನುವುದೇಕೆ?

ಜೆರಾಕ್ಸ್ ಅಂಗಡಿಯ ‘ಶಾರ್ಟ್‌ಕಟ್ ವೈರಸ್’ ನಿಜವಾಗಿ ಹುಳು. ಅದು ನಿಮ್ಮ ಕಡತಗಳನ್ನು ತಿದ್ದುವುದಿಲ್ಲ, ಅಳಿಸುವುದೂ ಇಲ್ಲ. ಅಡಗಿಸಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ಹುಳುವೂ ಓಡುತ್ತದೆ, ಫೋಲ್ಡರೂ ತೆರೆದುಕೊಳ್ಳುತ್ತದೆ, ಅನುಮಾನವೇ ಬರುವುದಿಲ್ಲ. ಇಲ್ಲಿ ‘ವೈರಸ್ ತಿಂದುಹಾಕಿದೆ, ಫಾರ್ಮ್ಯಾಟ್ ಮಾಡಿ’ ಎನ್ನುವ ಸಲಹೆಯಿಂದಲೇ ಇದ್ದ ಕಡತಗಳು ಹೋಗುತ್ತವೆ. ಮೊದಲು ಕಂಪ್ಯೂಟರನ್ನು ತೊಳೆಯಬೇಕು: ಪೆನ್‌ಡ್ರೈವ್ ತೆಗೆದಿಟ್ಟು, ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಯಂತ್ರ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ಆಮೇಲೆ ಪೆನ್‌ಡ್ರೈವ್ ಹಾಕಿ, ಏನನ್ನೂ ಒತ್ತದೆ ಸ್ಕ್ಯಾನ್ ಮಾಡಿ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ತೋರಿಸಿ, ಫೋಲ್ಡರ್ ಆಯ್ಕೆಗಳಲ್ಲಿ ಸಿಸ್ಟಂ ಕಡತಗಳನ್ನು ಅಡಗಿಸುವ ಗುರುತು ತೆಗೆಯಿರಿ. ಎಲ್ಲವೂ ಅಲ್ಲೇ ಇರುತ್ತವೆ, ಕೆಲವೊಮ್ಮೆ ಹೆಸರಿಲ್ಲದ ಒಂದು ಫೋಲ್ಡರಿನೊಳಗೆ. ಈ ಕ್ರಮ ತಲೆಕೆಳಗಾದರೆ ತೊಳೆದ ಪೆನ್‌ಡ್ರೈವಿಗೆ ಅದೇ ಕಂಪ್ಯೂಟರಿನಿಂದ ಹುಳು ಮತ್ತೆ ಏರುತ್ತದೆ.

ಕರೆಯೋಲೆಯದು ಟ್ರೋಜನ್. ಕರೆಯೋಲೆಯಾಗಿದ್ದರೆ ಅದು ಚಿತ್ರವೋ ಪಿಡಿಎಫೋ ಆಗಿರಬೇಕು. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್, ಅದಕ್ಕೆ ಎರಡನೆಯ ಅರ್ಥವಿಲ್ಲ. ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲಿ ಬರುವುದೂ ಇದೇ. ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟಿರೋ, ಒಟಿಪಿಗಳು ಕಳ್ಳನಿಗೆ ಹೋಗುತ್ತವೆ. ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಮತ್ತು ಬ್ರೌಸರ್ ಎರಡನ್ನೂ ಆಫ್ ಮಾಡಿಡಿ.

ಈಗಾಗಲೇ ಒತ್ತಿಯಾಗಿದ್ದರೆ ಆ್ಯಂಟಿವೈರಸ್ ಹುಡುಕುತ್ತ ಕೂರಬೇಡಿ. ಮೊದಲು ಡೇಟಾ, ವೈಫೈ ಎರಡನ್ನೂ ಕಡಿದು ಸಿಮ್ ಹೊರತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಆ್ಯಪ್ ತೆಗೆಯುವುದು. ಅನ್‌ಇನ್‌ಸ್ಟಾಲ್ ಮಸುಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಪಟ್ಟಿ, ಅಂದರೆ ಫೋನಿನ ಮೇಲೆ ಹೆಚ್ಚಿನ ಅಧಿಕಾರವಿರುವ ಆ್ಯಪ್‌ಗಳ ಪಟ್ಟಿ ಸೇರಿರಬಹುದು. ಅಲ್ಲಿಂದ ಮೊದಲು ಕೆಳಗಿಳಿಸಬೇಕು. ಪಾಸ್‌ವರ್ಡ್ ಮತ್ತು ಪಿನ್‌ಗಳನ್ನು ಆ ಫೋನಿನಲ್ಲಿ ಬದಲಿಸಬೇಡಿ, ಹೊಸದೂ ಅದರ ಕಣ್ಣಿಗೆ ಬೀಳಬಹುದು. ಸಿಮ್ಮನ್ನು ಬೇರೆ ಫೋನಿಗೆ ಹಾಕಿದ ಮೇಲೆ ಕಾಲ್ ಫಾರ್ವರ್ಡಿಂಗ್, ಅಂದರೆ ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸುವ ಸೌಲಭ್ಯ, ಆನ್ ಆಗಿದೆಯೇ ನೋಡಿ. ಅದು ಕೂತಿರುವುದು ಮೊಬೈಲ್ ಕಂಪನಿಯ ಜಾಲದಲ್ಲಿ, ಹಾಗಾಗಿ ಫೋನ್ ರೀಸೆಟ್ ಮಾಡಿದರೂ ಹೋಗುವುದಿಲ್ಲ.